ಜಾತ್ರೆ, ಬಯಲಾಟ ಮತ್ತು ನಾಟಕ ಪ್ರದರ್ಶನಗಳಲ್ಲಿ ಡಿಜಿಟಲ್ ಮಿಕ್ಸರ್ ಹಾಗೂ ಸ್ಟೇಜ್ ಬಾಕ್ಸ್ ಬಳಕೆ: ಅರ್ಜಿದಾರರಿಗೆ ಮಾಹಿತಿ

ಬಳ್ಳಾರಿ, ಕುರುಗೋಡು ಹಾಗೂ ಸಿರುಗುಪ್ಪ ತಾಲ್ಲೂಕುಗಳ ಗ್ರಾಮಗಳಲ್ಲಿ ಜಾತ್ರೆ ಮತ್ತು ಉತ್ಸವಗಳ ಸಂದರ್ಭದಲ್ಲಿ ಬಯಲಾಟ, ಪೌರಾಣಿಕ ಹಾಗೂ ಸಾಮಾಜಿಕ ನಾಟಕ, ಭಜನೆ, ರಸಮಂಜರಿ ಮುಂತಾದ ಕಾರ್ಯಕ್ರಮಗಳನ್ನು ಏರ್ಪಡಿಸುವುದು ಬಹುಕಾಲದಿಂದ ನಡೆದುಬಂದ ಪದ್ಧತಿಯಾಗಿರುತ್ತದೆ. ಇಂತಹ ಕಾರ್ಯಕ್ರಮಗಳಿಗೆ ಧ್ವನಿವರ್ಧಕ ಬಳಸಲು ಅನುಮತಿ ಕೋರಿ ಅರ್ಜಿ ಸಲ್ಲಿಸುವ ಕಲಾತಂಡಗಳು, ದೇವಸ್ಥಾನ ಸಮಿತಿಗಳು ಹಾಗೂ ಯುವಕ ಸಂಘಗಳ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಹಿಂದೆ ಬಾಡಿಗೆಗೆ ದೊರೆಯುತ್ತಿದ್ದ ಸಾಮಾನ್ಯ ಮೈಕ್ ಸೆಟ್ಟಿನ ಸ್ಥಾನದಲ್ಲಿ ಈಗ ಡಿಜಿಟಲ್ ಮಿಕ್ಸರ್ ಮತ್ತು ಸ್ಟೇಜ್ ಬಾಕ್ಸ್ ಎಂಬ ಯಂತ್ರಗಳು ಬಂದಿರುವುದರಿಂದ, ಅವುಗಳಲ್ಲಿ ಉಂಟಾಗುವ ದೋಷಗಳ ಸ್ವರೂಪವೂ ಬದಲಾಗಿದೆ. ಯಾವುದೇ ಒಂದು ಸಂಸ್ಥೆಯ ಯಂತ್ರವನ್ನು ಶಿಫಾರಸು ಮಾಡುವ ಉದ್ದೇಶ ಇಲ್ಲಿ ಇರುವುದಿಲ್ಲ.

ಅನುಮತಿಯ ಅವಧಿ ಮತ್ತು ಅದರ ಪರಿಣಾಮ

ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರ 5ನೆಯ ನಿಯಮದಂತೆ, ಸಕ್ಷಮ ಪ್ರಾಧಿಕಾರದ ಲಿಖಿತ ಅನುಮತಿಯಿಲ್ಲದೆ ಧ್ವನಿವರ್ಧಕವನ್ನು ಬಳಸತಕ್ಕದ್ದಲ್ಲ. ರಾತ್ರಿ 10 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ, ಸಭಾಂಗಣದಂತಹ ಮುಚ್ಚಿದ ಆವರಣದ ಒಳಗಿನ ಬಳಕೆಯನ್ನು ಹೊರತುಪಡಿಸಿ, ಧ್ವನಿವರ್ಧಕ ಮಾತ್ರವಲ್ಲದೆ ಶಬ್ದ ಹೊರಡಿಸುವ ಉಪಕರಣ ಹಾಗೂ ಸಂಗೀತ ವಾದ್ಯಗಳ ಬಳಕೆಗೂ ನಿರ್ಬಂಧವಿರುತ್ತದೆ. ಸಾಂಸ್ಕೃತಿಕ ಅಥವಾ ಧಾರ್ಮಿಕ ಉತ್ಸವದ ದಿನಗಳಲ್ಲಿ ರಾತ್ರಿ 10ರಿಂದ 12 ಗಂಟೆಯವರೆಗೆ ವಿನಾಯಿತಿ ನೀಡುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಇದ್ದು, ಒಂದು ಕ್ಯಾಲೆಂಡರ್ ವರ್ಷದಲ್ಲಿ ಇಂತಹ ದಿನಗಳು ಒಟ್ಟು 15ನ್ನು ಮೀರುವಂತಿಲ್ಲ. ಈ ದಿನಗಳನ್ನು ಮುಂಚಿತವಾಗಿ ನಿರ್ದಿಷ್ಟಪಡಿಸತಕ್ಕದ್ದು ಎಂದು ನಿಯಮ ಹೇಳುತ್ತದೆಯಾದ್ದರಿಂದ, ಜಾತ್ರೆಯ ದಿನ ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಅರ್ಜಿದಾರರು ಮೊದಲೇ ವಿಚಾರಿಸಿಕೊಳ್ಳುವುದು ಸೂಕ್ತ.

ಬಯಲಾಟವು ರಾತ್ರಿ ಊಟದ ನಂತರ ಆರಂಭವಾಗಿ ಬೆಳಗಿನ ಜಾವದವರೆಗೆ ನಡೆಯುವ ಕಲೆ. ಅದನ್ನು 10 ಗಂಟೆಯ ಒಳಗೆ ಹೊಂದಿಸುವುದಕ್ಕಾಗಿ ತಂಡಗಳು ಪ್ರಸಂಗವನ್ನು ಕಡಿತಗೊಳಿಸಿ ಸಂಜೆಯೇ ಪ್ರಾರಂಭಿಸಬೇಕಾಗುತ್ತದೆ. ಹೀಗೆ ಈಗಾಗಲೇ ಸಂಕ್ಷೇಪಗೊಂಡ ಪ್ರದರ್ಶನದಲ್ಲಿ ಮಿಕ್ಸರ್ ಕೆಟ್ಟು 40 ನಿಮಿಷ ವ್ಯರ್ಥವಾದಲ್ಲಿ, ಆ 40 ನಿಮಿಷಗಳನ್ನು ಅನುಮತಿ ಪತ್ರದ ಕೊನೆಗೆ ಸೇರಿಸಿಕೊಳ್ಳಲು ಅವಕಾಶವಿಲ್ಲ. ಅಷ್ಟು ದೃಶ್ಯಗಳನ್ನು ಬಿಟ್ಟುಬಿಡಬೇಕಾಗುತ್ತದೆ; ಎರಡು ಮೂರು ತಿಂಗಳು ತಾಲೀಮು ಮಾಡಿ ಕೊನೆಯ ಅಂಕಕ್ಕಾಗಿ ಬಣ್ಣ ಹಚ್ಚಿ ಕುಳಿತ ಪಾತ್ರಧಾರಿ ವೇದಿಕೆಗೆ ಬಾರದೆ ಉಳಿಯುವುದೂ ಉಂಟು. ದೇಶನೂರಿನಂತಹ ಗ್ರಾಮದಲ್ಲಿ ಕಾರ್ಯಕ್ರಮವಿದ್ದು, ಬದಲಿ ಯಂತ್ರವನ್ನು ಬಳ್ಳಾರಿ ನಗರದಿಂದಲೇ ತರಿಸಬೇಕಾದಲ್ಲಿ, ಹೋಗಿ ಬರುವುದಕ್ಕೇ ಎರಡು ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತದೆ. ಆದುದರಿಂದ ದೋಷವನ್ನು ಸರಿಪಡಿಸುವ ಕೆಲಸದ ಬಹುಭಾಗವನ್ನು ಹಗಲಿನಲ್ಲಿಯೇ, ಕಾರ್ಯಕ್ರಮಕ್ಕೆ ಮುನ್ನವೇ ಮುಗಿಸಿಕೊಳ್ಳಬೇಕಾಗುತ್ತದೆ.

ಯಂತ್ರಗಳ ಪರಿಚಯ

ಹಳೆಯ ವ್ಯವಸ್ಥೆಯಲ್ಲಿ ವೇದಿಕೆಯ ಪ್ರತಿಯೊಂದು ಮೈಕಿನಿಂದಲೂ ಒಂದೊಂದು ಜೊತೆ ತಂತಿ ದಪ್ಪನೆಯ ಮಲ್ಟಿಕೋರ್ ಕೇಬಲ್ ಮೂಲಕ ಮಿಕ್ಸರ್‌ವರೆಗೆ ಬರುತ್ತಿತ್ತು. ಒಂದು ಜೊತೆ ತಂತಿ ತುಂಡಾದರೆ ಒಂದು ಮೈಕ್ ಮಾತ್ರ ಮೌನವಾಗುತ್ತಿತ್ತು, ಉಳಿದವು ನಡೆಯುತ್ತಿದ್ದವು. ಡಿಜಿಟಲ್ ವ್ಯವಸ್ಥೆಯಲ್ಲಿ ವೇದಿಕೆಯ ಪಕ್ಕದಲ್ಲಿ ಇರಿಸುವ ಸ್ಟೇಜ್ ಬಾಕ್ಸ್ ಎಂಬ ಪೆಟ್ಟಿಗೆಯು ಎಲ್ಲ ಮೈಕುಗಳ ಧ್ವನಿಯನ್ನು ಅಲ್ಲಿಯೇ ಅಂಕಿಗಳಾಗಿ ಪರಿವರ್ತಿಸಿ, ಕಂಪ್ಯೂಟರ್ ಜಾಲಕ್ಕೆ ಬಳಸುವಂತಹ ಒಂದೇ ತೆಳುವಾದ ಕೇಬಲ್ಲಿನಲ್ಲಿ ಪ್ರೇಕ್ಷಕರ ಹಿಂದಿರುವ ಮಿಕ್ಸರ್‌ಗೆ ಕಳುಹಿಸುತ್ತದೆ. ಆ ಒಂದು ಕೇಬಲ್ ಕೈಕೊಟ್ಟರೆ ಇಡೀ ವೇದಿಕೆ ಮೌನವಾಗುತ್ತದೆ. ಸಾಗಾಣಿಕೆ ಸುಲಭವಾಗಿದೆ, ಸದ್ದಿನ ಗುಣಮಟ್ಟ ಹೆಚ್ಚಿದೆ, ಆದರೆ ಅಪಾಯವು ಒಂದೇ ಎಳೆಯಲ್ಲಿ ಕೇಂದ್ರೀಕೃತವಾಗಿದೆ ಎಂಬುದನ್ನು ಗಮನಿಸಬೇಕು.

ಬಳ್ಳಾರಿ ರಾಘವ (1880–1946) ಅವರ ಕಾಲದ ನಟರು ಕೊನೆಯ ಸಾಲಿನ ಪ್ರೇಕ್ಷಕನಿಗೂ ತಮ್ಮ ಕಂಠದಿಂದಲೇ ಮಾತು ಮುಟ್ಟಿಸಬೇಕಾಗಿತ್ತು. ಅನಂತರ ಬಂದ ತೂಗು ಮೈಕಿನ ಕಾಲದಲ್ಲಿ ಪಾತ್ರಧಾರಿಗಳು ಮಾತು ಬಂದಾಗ ಮೈಕಿನ ಕೆಳಗೆ ಬಂದು ನಿಲ್ಲುವ ಕ್ರಮವನ್ನು ರೂಢಿಸಿಕೊಂಡರು. ಗ್ರಾಮೀಣ ರಂಗಭೂಮಿಯಲ್ಲಿ ಆ ಕ್ರಮ ಇಂದಿಗೂ ಉಳಿದಿದೆ. ಹೊಸ ಮಿಕ್ಸರ್ ಬಂದ ಮಾತ್ರಕ್ಕೆ ಅದನ್ನು ಬಿಡುವ ಅಗತ್ಯವಿಲ್ಲ.

ವಿದ್ಯುತ್ ಸರಬರಾಜು ಮತ್ತು ಅರ್ಥಿಂಗ್

ಡಿಜಿಟಲ್ ಯಂತ್ರದ ದೋಷವೆಂದು ಹೇಳಲಾಗುವ ಅನೇಕ ತೊಂದರೆಗಳ ಮೂಲ ವಿದ್ಯುತ್ತಿನಲ್ಲಿ ಇರುತ್ತದೆ. ಹಳೆಯ ಮಿಕ್ಸರ್ ವಿದ್ಯುತ್ ಹೋಗಿ ಬಂದ ಕೂಡಲೇ ಕೆಲಸ ಮಾಡುತ್ತಿತ್ತು. ಡಿಜಿಟಲ್ ಮಿಕ್ಸರ್ ಒಂದು ಕಂಪ್ಯೂಟರ್ ಆಗಿರುವುದರಿಂದ ಕ್ಷಣಮಾತ್ರ ವಿದ್ಯುತ್ ಕಡಿತವಾದರೂ ಮತ್ತೆ ಮೊದಲಿನಿಂದ ಚಾಲನೆಗೊಳ್ಳಬೇಕು. ಇದಕ್ಕೆ ಅರ್ಧ ನಿಮಿಷದಿಂದ ಒಂದೆರಡು ನಿಮಿಷ ಬೇಕಾಗಬಹುದು. ಜನರೇಟರ್‌ಗೆ ಬದಲಾಯಿಸುವಾಗ ಆಗುವ ಕ್ಷಣದ ಕಡಿತವೂ ಇದಕ್ಕೆ ಸಾಕು. ಇದರ ನಿವಾರಣೆಗೆ ಮಿಕ್ಸರ್‌ಗೆ ಯುಪಿಎಸ್ ಅಳವಡಿಸಿರುತ್ತಾರೆ. ಆದರೆ ವೇದಿಕೆಯ ಬಳಿ ಇರುವ ಸ್ಟೇಜ್ ಬಾಕ್ಸ್‌ಗೆ ವೇದಿಕೆಯ ದೀಪಗಳ ಲೈನಿನಿಂದಲೇ ಸಂಪರ್ಕ ಕೊಟ್ಟು ಮರೆಯುವುದುಂಟು. ಆಗ ಮಿಕ್ಸರ್ ಚಾಲನೆಯಲ್ಲಿದ್ದರೂ ಸ್ಟೇಜ್ ಬಾಕ್ಸ್ ನಿಂತು ಎಲ್ಲ ಮೈಕುಗಳು ಮೌನವಾಗುತ್ತವೆ, ಮಿಕ್ಸರ್ ಮುಂದೆ ಕುಳಿತವರು ಕಾರಣ ತಿಳಿಯದೆ ಗುಂಡಿಗಳನ್ನು ಒತ್ತುತ್ತಿರುತ್ತಾರೆ. ಎರಡಕ್ಕೂ ಪ್ರತ್ಯೇಕ ಯುಪಿಎಸ್ ಇರಿಸುವುದರಿಂದ ಈ ತೊಂದರೆ ಸಂಪೂರ್ಣವಾಗಿ ತಪ್ಪುತ್ತದೆ.

ತಾತ್ಕಾಲಿಕ ವಿದ್ಯುತ್ ಸಂಪರ್ಕವನ್ನು ಜೆಸ್ಕಾಂ ಕಚೇರಿಯಿಂದ ವಿಧಿಬದ್ಧವಾಗಿ ಪಡೆಯತಕ್ಕದ್ದು. ಮೂರು ಫೇಸ್ ಸಂಪರ್ಕವಿದ್ದಲ್ಲಿ ದೀಪಗಳಿಗೆ ಒಂದು ಫೇಸ್, ಧ್ವನಿ ವ್ಯವಸ್ಥೆಗೆ ಮತ್ತೊಂದು ಫೇಸ್ ಬಳಸಿದಲ್ಲಿ ದೀಪ ನಿಯಂತ್ರಕದ ಗೊರಗೊರ ಸದ್ದು ಕಡಿಮೆಯಾಗುತ್ತದೆ. ಮಿಕ್ಸರ್, ಸ್ಟೇಜ್ ಬಾಕ್ಸ್ ಮತ್ತು ಆಂಪ್ಲಿಫೈಯರ್ ಮೂರೂ ಒಂದೇ ಫೇಸ್ ಹಾಗೂ ಒಂದೇ ಅರ್ಥಿಂಗ್‌ನಲ್ಲಿ ಇರುವುದು ಉತ್ತಮ. ನ್ಯೂಟ್ರಲ್ ತಂತಿ ಸಡಿಲವಾಗಿ ಕಳಚಿಕೊಂಡರೆ 230 ವೋಲ್ಟ್ ಇರಬೇಕಾದ ಕಡೆ 400 ವೋಲ್ಟ್‌ವರೆಗೆ ಬರುವ ಸಂಭವವಿದ್ದು, ಕೆಲವೇ ಕ್ಷಣಗಳಲ್ಲಿ ಎಲ್ಲ ಯಂತ್ರಗಳೂ ಸುಟ್ಟುಹೋಗಬಹುದು. ಯಂತ್ರಗಳನ್ನು ಜೋಡಿಸುವ ಮೊದಲು ಅರ್ಹ ಎಲೆಕ್ಟ್ರಿಷಿಯನ್‌ರಿಂದ ಮೀಟರ್ ಇಟ್ಟು ಅಳೆಸುವುದು ಐದು ನಿಮಿಷದ ಕೆಲಸ.

ಧ್ವನಿಪೆಟ್ಟಿಗೆಯಲ್ಲಿ "ಗುಂಯ್" ಎಂಬ ನಿರಂತರ ಸದ್ದು ಬಂದಾಗ ಪ್ಲಗ್ಗಿನ ದಪ್ಪ ಪಿನ್ನನ್ನು, ಅಂದರೆ ಅರ್ಥ್ ಪಿನ್ನನ್ನು, ಕತ್ತರಿಸುವ ಅಥವಾ ಎರಡು ಪಿನ್ನಿನ ಪ್ಲಗ್ ಬಳಸುವ ಅಭ್ಯಾಸ ಕೆಲವೆಡೆ ಇದೆ. ಸದ್ದು ನಿಲ್ಲುತ್ತದೆ ಎಂಬುದು ನಿಜ. ಆದರೆ ಮುಂದೆ ಯಾವುದಾದರೂ ಯಂತ್ರದ ಒಳಗೆ ವಿದ್ಯುತ್ ಸೋರಿಕೆಯಾದಲ್ಲಿ ಅದು ಭೂಮಿಗೆ ಹರಿಯುವ ಬದಲು ಲೋಹದ ಮೈಕ್ ಹಿಡಿದ ಗಾಯಕರ ದೇಹದ ಮೂಲಕ ಹರಿಯುತ್ತದೆ. ಬಯಲಾಟದ ಕಲಾವಿದರು ಲೋಹದ ಆಭರಣ, ಗೆಜ್ಜೆ ಧರಿಸಿ, ಬೆವರಿನಿಂದ ಒದ್ದೆಯಾಗಿ, ಕೆಲವೊಮ್ಮೆ ಬರಿಗಾಲಿನಲ್ಲಿ ಇರುತ್ತಾರೆ. ಇದು ಪ್ರಾಣಕ್ಕೆ ಸಂಬಂಧಿಸಿದ ವಿಷಯವಾದ್ದರಿಂದ ಅರ್ಥ್ ಪಿನ್ನನ್ನು ಯಾವ ಕಾರಣಕ್ಕೂ ತೆಗೆಯತಕ್ಕದ್ದಲ್ಲ. "ಗುಂಯ್" ಸದ್ದಿನ ಮೂಲ ಸಾಮಾನ್ಯವಾಗಿ ಕೀಬೋರ್ಡ್, ಲ್ಯಾಪ್‌ಟಾಪ್ ಅಥವಾ ಬೇರೆ ಲೈನಿಗೆ ಸೇರಿಸಿದ ಯಂತ್ರದಲ್ಲಿರುತ್ತದೆ. ಅಲ್ಲಿ ಡಿಐ ಬಾಕ್ಸ್ ಎಂಬ ಚಿಕ್ಕ ಪೆಟ್ಟಿಗೆಯನ್ನು ನಡುವೆ ಇರಿಸಿ ಅದರ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿದರೆ ಸುರಕ್ಷಿತವಾಗಿ ನಿವಾರಣೆಯಾಗುತ್ತದೆ. ವೇದಿಕೆಯ ಲೈನಿಗೆ 30 ಮಿಲಿಆಂಪಿಯರ್ ಸಾಮರ್ಥ್ಯದ ಆರ್‌ಸಿಸಿಬಿ ಅಳವಡಿಸುವಂತೆ ಎಲೆಕ್ಟ್ರಿಷಿಯನ್‌ಗೆ ತಿಳಿಸಬೇಕು.

ಬಿಸಿಲಿನ ವಿಷಯ. ಹಲವು ಮಿಕ್ಸರ್‌ಗಳ ಕೈಪಿಡಿಗಳಲ್ಲಿ ಗರಿಷ್ಠ 40 ಡಿಗ್ರಿ ಸೆಲ್ಸಿಯಸ್ ಎಂದು ನಮೂದಿಸಲಾಗಿರುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳಿನಲ್ಲಿ ಬಳ್ಳಾರಿಯ ನೆರಳಿನ ತಾಪಮಾನವೇ ಅದನ್ನು ಮೀರುತ್ತದೆ. ಮಧ್ಯಾಹ್ನ ಜೋಡಣೆ ಮಾಡುವಾಗ ಮಿಕ್ಸರನ್ನು ನೆರಳಿನಲ್ಲಿ, ಗಾಳಿಯಾಡುವಂತೆ ಇರಿಸಿ, ಧೂಳಿಗೆ ಬಟ್ಟೆ ಹೊದಿಸುವುದಾದರೆ ಯಂತ್ರ ನಿಲ್ಲಿಸಿದ ನಂತರವೇ ಹೊದಿಸಬೇಕು.

ಕೇಬಲ್

ಮಿಕ್ಸರ್ ಮತ್ತು ಸ್ಟೇಜ್ ಬಾಕ್ಸ್ ನಡುವಿನ ಸಂಪರ್ಕ ವಿಧಾನ ಎಲ್ಲ ಸಂಸ್ಥೆಗಳಲ್ಲಿಯೂ ಒಂದೇ ಅಲ್ಲ. ಬೆರಿಂಜರ್ ಎಕ್ಸ್32 ಮತ್ತು ಮಿಡಾಸ್ ಎಂ32 ಮಾದರಿಗಳು ಎಇಎಸ್50 ಎಂಬ ವಿಧಾನವನ್ನೂ, ಯಮಹಾ ಸಂಸ್ಥೆಯ ಹಲವು ಮಿಕ್ಸರ್‌ಗಳು ಡಾಂಟೆ ಎಂಬ ವಿಧಾನವನ್ನೂ ಬಳಸುತ್ತವೆ. ಕೇಬಲ್ ನೋಡಲು ಒಂದೇ ಆಗಿದ್ದರೂ ಒಂದರ ಸ್ಟೇಜ್ ಬಾಕ್ಸ್ ಮತ್ತೊಂದರ ಮಿಕ್ಸರ್‌ಗೆ ನೇರವಾಗಿ ಹೊಂದುವುದಿಲ್ಲ. ಡಾಂಟೆಯನ್ನು ಸೂಕ್ತವಾದ ಗಿಗಾಬಿಟ್ ನೆಟ್‌ವರ್ಕ್ ಸ್ವಿಚ್ ಮೂಲಕ ಹಾಯಿಸಬಹುದು, ಎಇಎಸ್50ನ್ನು ಹಾಯಿಸಲಾಗದು. ಅದಕ್ಕೆ ಯಂತ್ರದಿಂದ ಯಂತ್ರಕ್ಕೆ ನೇರ ಕೇಬಲ್ ಬೇಕು. ಡಾಂಟೆಗೆ ಬಳಸುವ ಸ್ವಿಚ್ಚಿನಲ್ಲಿ ವಿದ್ಯುತ್ ಉಳಿತಾಯದ ಸೌಲಭ್ಯವನ್ನು ನಿಷ್ಕ್ರಿಯಗೊಳಿಸಿರಬೇಕು, ಇಲ್ಲವಾದಲ್ಲಿ ಧ್ವನಿ ಆಗಾಗ ಕಡಿದುಹೋಗುತ್ತದೆ.

ಎಇಎಸ್50 ಸಂಪರ್ಕಕ್ಕೆ ಲೋಹದ ಹೊದಿಕೆಯುಳ್ಳ ಕ್ಯಾಟ್5ಇ ಕೇಬಲ್ಲನ್ನೇ, ಎರಡೂ ತುದಿಗಳಲ್ಲಿ ಲೋಹದ ಕವಚದ ಕನೆಕ್ಟರ್ ಸಹಿತ ಬಳಸಬೇಕು. ಒಣ ಹವೆಯಲ್ಲಿ ಬಟ್ಟೆ, ರತ್ನಗಂಬಳಿ ಉಜ್ಜುವುದರಿಂದ ಉಂಟಾಗುವ ಸ್ಥಾಯಿ ವಿದ್ಯುತ್ತಿನ ಕಿಡಿ ಹೊದಿಕೆಯಿಲ್ಲದ ಕೇಬಲ್ಲಿಗೆ ತಗುಲಿದರೆ ಸಂಪರ್ಕ ಕ್ಷಣಕಾಲ ತಪ್ಪಿ ಧ್ವನಿಯಲ್ಲಿ "ಟಪ್" ಎಂಬ ಶಬ್ದ ಬರುತ್ತದೆ. ಕಚೇರಿಯ ಕಂಪ್ಯೂಟರ್‌ಗೆ ಬಳಸುವ ಅಗ್ಗದ ಕೇಬಲ್ ಮನೆಯಲ್ಲಿ ಪರೀಕ್ಷಿಸಿದಾಗ ಸರಿಯಾಗಿದ್ದು ಕಾರ್ಯಕ್ರಮದಲ್ಲಿ ಕೈಕೊಡುವುದಕ್ಕೆ ಇದೊಂದು ಕಾರಣ. ಉದ್ದದ ಮಿತಿ 100 ಮೀಟರ್ ಎಂದಿದ್ದರೂ ಅದಕ್ಕಿಂತ ಸಾಕಷ್ಟು ಕಡಿಮೆ ಇಟ್ಟುಕೊಳ್ಳುವುದು ಕ್ಷೇಮ. ಎರಡು ತುಂಡುಗಳನ್ನು ನಡುವೆ ಜೋಡಿಸಿ ಉದ್ದ ಮಾಡಬಾರದು.

ಕೇಬಲ್ಲನ್ನು ಪ್ರೇಕ್ಷಕರ ನಡುವೆ ನೆಲದ ಮೇಲೆ ಬಿಡದೆ, ಒಂದು ಬದಿಯಿಂದ, ಕಂಬಗಳ ಮೇಲೆ ಅಥವಾ ರಬ್ಬರ್ ಹೊದಿಕೆಯ ಕೆಳಗೆ ಹಾಯಿಸತಕ್ಕದ್ದು. ಜಾತ್ರೆಯ ಸ್ಥಳದಲ್ಲಿ ಎತ್ತಿನ ಗಾಡಿ, ಟ್ರ್ಯಾಕ್ಟರ್ ಚಲಿಸುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದೇ ಮಾರ್ಗದಲ್ಲಿ ಎರಡನೆಯ ಕೇಬಲ್ಲನ್ನೂ ಎಳೆದು, ತುದಿಗಳನ್ನು ಸುತ್ತಿ ಸಿದ್ಧವಾಗಿಟ್ಟರೆ, ಮೊದಲನೆಯದು ತುಂಡಾದಾಗ ಒಂದು ನಿಮಿಷದಲ್ಲಿ ಬದಲಾಯಿಸಬಹುದು. ಬಾಡಿಗೆ ಒಪ್ಪಂದದಲ್ಲಿ ಬೇರಾವುದಕ್ಕೆ ಚೌಕಾಶಿ ಮಾಡಿದರೂ ಈ ಹೆಚ್ಚುವರಿ ಕೇಬಲ್ಲಿಗೆ ಮಾಡಬಾರದು.

ಗಡಿಯಾರದ ಹೊಂದಾಣಿಕೆ

ಡಿಜಿಟಲ್ ಯಂತ್ರಗಳು ಧ್ವನಿಯನ್ನು ಸೆಕೆಂಡಿಗೆ 48,000 ಬಾರಿ (ಕೆಲವೊಮ್ಮೆ 44,100 ಬಾರಿ) ಅಳೆಯುತ್ತವೆ. ಮಿಕ್ಸರ್ ಮತ್ತು ಸ್ಟೇಜ್ ಬಾಕ್ಸ್ ಎರಡೂ ಒಂದೇ ಗಡಿಯಾರದ ಪ್ರಕಾರ ನಡೆಯಬೇಕು. ಹಿಮ್ಮೇಳದಲ್ಲಿ ಇಬ್ಬರು ಬೇರೆ ಬೇರೆ ಲಯದಲ್ಲಿ ತಾಳ ಹಾಕಿದರೆ ಪದ ಹೇಗೆ ಕೆಡುತ್ತದೆಯೋ ಹಾಗೆಯೇ, ಎರಡೂ ಯಂತ್ರಗಳು ತಮ್ಮ ತಮ್ಮ ಗಡಿಯಾರವನ್ನೇ ಹಿಡಿದಲ್ಲಿ ನಿಯತವಾಗಿ "ಟಿಕ್ ಟಿಕ್" ಎಂಬ ಸದ್ದು, ಕೆಲವೊಮ್ಮೆ ಪೂರ್ಣ ಮೌನ ಉಂಟಾಗುತ್ತದೆ. ಮಿಕ್ಸರ್‌ನಲ್ಲಿ ಗಡಿಯಾರದ ಮೂಲವನ್ನು "ಇಂಟರ್ನಲ್" ಎಂದು ಇರಿಸಿ, ಸ್ಟೇಜ್ ಬಾಕ್ಸ್ ಮಿಕ್ಸರನ್ನು ಅನುಸರಿಸುವಂತೆ ಹೊಂದಿಸುವುದು ಸಾಮಾನ್ಯ ಕ್ರಮ. ಮಿಕ್ಸರ್ ಮತ್ತು ಸ್ಟೇಜ್ ಬಾಕ್ಸ್ ಎರಡರ ಫರ್ಮ್‌ವೇರ್ ಆವೃತ್ತಿಗಳೂ ಪರಸ್ಪರ ಹೊಂದುವಂತಿರಬೇಕು. ಆದರೆ ಕಾರ್ಯಕ್ರಮದ ದಿನ ಫರ್ಮ್‌ವೇರ್ ಬದಲಾವಣೆಗೆ ಕೈಹಾಕಬಾರದು.

ಮೈಕುಗಳ ಪಟ್ಟಿ

ಡಿಜಿಟಲ್ ಮಿಕ್ಸರ್‌ನಲ್ಲಿ ಸ್ಟೇಜ್ ಬಾಕ್ಸಿನ 1ನೆಯ ರಂಧ್ರಕ್ಕೆ ಹಾಕಿದ ಮೈಕ್ ಮಿಕ್ಸರ್‌ನ 1ನೆಯ ಚಾನೆಲ್ಲಿನಲ್ಲಿಯೇ ಬರಬೇಕೆಂಬ ನಿಯಮವಿಲ್ಲ. ಯಾವ ರಂಧ್ರ ಯಾವ ಚಾನೆಲ್ಲಿಗೆ ಎಂಬುದನ್ನು ರೂಟಿಂಗ್ ಎಂಬ ಪುಟದಲ್ಲಿ ನಿಗದಿಪಡಿಸಲಾಗಿರುತ್ತದೆ. ಹಿಂದಿನ ದಿನ ಬೇರೆ ಊರಿನಲ್ಲಿ ಆರ್ಕೆಸ್ಟ್ರಾಗೆ ಮಾಡಿದ ರೂಟಿಂಗ್ ಹಾಗೆಯೇ ಉಳಿದಿರುವುದರಿಂದ ಹಾರ್ಮೋನಿಯಂ ಬದಲು ಮದ್ದಳೆ ಕೇಳಿಸುವುದು, ಮೈಕ್ ಸರಿಯಾಗಿದ್ದರೂ ಧ್ವನಿ ಬಾರದಿರುವುದು ಸಂಭವಿಸುತ್ತದೆ. ಕಲಾತಂಡದವರು ತಮಗೆ ಬೇಕಾದ ಮೈಕುಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಮುಂಚಿತವಾಗಿ ಬರೆದುಕೊಡಬೇಕು: ತೂಗು ಮೈಕು ಎಷ್ಟು, ಭಾಗವತರಿಗೆ ಒಂದು, ಹಾರ್ಮೋನಿಯಂಗೆ ಒಂದು, ಮದ್ದಳೆಗೆ ಒಂದು, ತೆರೆಯ ಹಿಂದಿನಿಂದ ಹೇಳುವವರಿಗೆ ಒಂದು, ಹೀಗೆ. ಪ್ರತಿಯೊಂದಕ್ಕೂ ರಂಧ್ರದ ಸಂಖ್ಯೆ ಹಾಗೂ ಚಾನೆಲ್ ಸಂಖ್ಯೆ ಎದುರುಬದುರಾಗಿ ನಮೂದಿಸಿದಲ್ಲಿ, ಲೆಕ್ಕಪುಸ್ತಕದ ಎರಡು ಬದಿ ತಾಳೆ ನೋಡುವಂತೆ ಯಾರು ಬೇಕಾದರೂ ತಾಳೆ ನೋಡಬಹುದು.

ಕಂಡೆನ್ಸರ್ ಜಾತಿಯ ತೂಗು ಮೈಕುಗಳಿಗೆ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ ಅಗತ್ಯ. ಇದನ್ನು ಮಿಕ್ಸರ್‌ನಿಂದಲೇ ಆಯಾ ರಂಧ್ರಕ್ಕೆ ಕೊಡಬೇಕು. "ಮೈಕ್ ಸತ್ತಿದೆ" ಎಂದು ಬದಿಗಿಟ್ಟ ಮೈಕು ಎಷ್ಟೋ ಬಾರಿ ಈ ಒಂದು ಗುಂಡಿ ಒತ್ತದ ಕಾರಣದಿಂದ ಸುಮ್ಮನಿರುತ್ತದೆ.

ಕಾರ್ಯಕ್ರಮದ ನಡುವೆ ದೋಷ ಕಂಡುಬಂದಲ್ಲಿ

ಒಂದು ಮೈಕ್ ಮಾತ್ರ ಮೌನವಾದರೆ ದೋಷ ಆ ಮೈಕ್, ಅದರ ಕೇಬಲ್ ಅಥವಾ ಆ ರಂಧ್ರದಲ್ಲಿದೆ. ಕೆಲಸ ಮಾಡುತ್ತಿರುವ ಮೈಕನ್ನು ಅದೇ ಕೇಬಲ್ಲಿಗೆ ಹಾಕಿ ನೋಡುವುದು, ನಂತರ ಕೇಬಲ್ ಬದಲಿಸುವುದು, ನಂತರ ರಂಧ್ರ ಬದಲಿಸುವುದು, ಈ ಅನುಕ್ರಮದಲ್ಲಿ ಹೋದರೆ ದೋಷ ಸಿಕ್ಕಿಯೇ ಸಿಗುತ್ತದೆ. ಎಲ್ಲ ಮೈಕುಗಳೂ ಒಮ್ಮೆಲೇ ಮೌನವಾದರೆ ಮೈಕುಗಳನ್ನು ಮುಟ್ಟುವ ಅಗತ್ಯವಿಲ್ಲ. ಸ್ಟೇಜ್ ಬಾಕ್ಸಿನ ವಿದ್ಯುತ್ ದೀಪ, ಅನಂತರ ಸಂಪರ್ಕ ದೀಪ, ಅನಂತರ ಕೇಬಲ್. ಮಿಕ್ಸರ್‌ನ ಪರದೆಯಲ್ಲಿ ಧ್ವನಿಯ ಮಟ್ಟ ಏರಿಳಿಯುತ್ತಿದ್ದು ಹೊರಗೆ ಕೇಳಿಸದಿದ್ದರೆ ದೋಷ ಮಿಕ್ಸರ್‌ನಿಂದ ಮುಂದಿನ ಭಾಗದಲ್ಲಿ, ಅಂದರೆ ಔಟ್‌ಪುಟ್, ಆಂಪ್ಲಿಫೈಯರ್ ಅಥವಾ ಧ್ವನಿಪೆಟ್ಟಿಗೆಯಲ್ಲಿ ಇರುತ್ತದೆ. ಟ್ಯಾಬ್ಲೆಟ್ ಮೂಲಕ ನಿಯಂತ್ರಿಸುತ್ತಿದ್ದು ಅದು ಸ್ಥಗಿತಗೊಂಡಲ್ಲಿ ಧ್ವನಿಗೆ ತೊಂದರೆಯಿಲ್ಲ. ಸಾವಿರಾರು ಮೊಬೈಲ್‌ಗಳಿರುವ ಜನಸಂದಣಿಯಲ್ಲಿ ವೈಫೈ ತಡೆಯುವುದು ಸಹಜ, ಮಿಕ್ಸರ್ ಬಳಿಯೇ ಒಬ್ಬರು ಇರಬೇಕು.

ಬದಲಾಯಿಸುವಾಗ ಆ ಚಾನೆಲ್ಲನ್ನು ಮ್ಯೂಟ್ ಮಾಡುವುದು ಕಡ್ಡಾಯ. ಆತುರದಲ್ಲಿ ಮಿಕ್ಸರನ್ನೇ ಆರಿಸಿ ಹಚ್ಚುವುದು ಕೊನೆಯ ಉಪಾಯವಾಗಿರಬೇಕು.

ಶಬ್ದದ ಮಿತಿ ಮತ್ತು ವ್ಯವಸ್ಥೆಯ ಸುಧಾರಣೆ

ಮೇಲ್ಕಂಡ ನಿಯಮಗಳಂತೆ ಹಗಲಿನ ಅವಧಿಯಲ್ಲಿ ವಸತಿ ಪ್ರದೇಶದ ಶಬ್ದದ ಮಿತಿ 55, ವಾಣಿಜ್ಯ ಪ್ರದೇಶದ್ದು 65 ಡೆಸಿಬಲ್ ಆಗಿರುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಧ್ವನಿವರ್ಧಕ ಬಳಸುವಾಗ ಆ ಸ್ಥಳದ ಎಲ್ಲೆಯಲ್ಲಿ ಶಬ್ದವು ಈ ಮಿತಿಗಿಂತ 10 ಡೆಸಿಬಲ್ ಹೆಚ್ಚು ಅಥವಾ 75 ಡೆಸಿಬಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ಅಂದರೆ ವಸತಿ ಪ್ರದೇಶದ ಮೈದಾನದ ಎಲ್ಲೆಯಲ್ಲಿ 65 ಡೆಸಿಬಲ್. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯದ ಮಿತಿ ಇನ್ನೂ ಕಡಿಮೆ ಇರುತ್ತದೆ.

ಬಯಲಿನಲ್ಲಿ ದೂರ ಎರಡು ಪಟ್ಟಾದಂತೆ ಶಬ್ದ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಧ್ವನಿಪೆಟ್ಟಿಗೆಯಿಂದ 4 ಮೀಟರ್ ದೂರದಲ್ಲಿ 95 ಇದ್ದರೆ 8 ಮೀಟರ್‌ನಲ್ಲಿ 89, 16ರಲ್ಲಿ 83, 32ರಲ್ಲಿ 77, 64ರಲ್ಲಿ 71. ವೇದಿಕೆಯ ಎರಡು ಬದಿಗೆ ದೊಡ್ಡ ಪೆಟ್ಟಿಗೆಗಳನ್ನು ಪೇರಿಸಿ ಹಿಂದಿನ ಸಾಲಿಗೂ ಕೇಳಿಸುವಂತೆ ಮಾಡಿದರೆ ಮುಂದಿನ ಸಾಲಿನವರು ಕಿವಿ ಮುಚ್ಚಿಕೊಳ್ಳಬೇಕಾಗುತ್ತದೆ, ಎಲ್ಲೆಯಲ್ಲಿ ಮಿತಿಯೂ ಮೀರುತ್ತದೆ. ಇದರ ಬದಲು ನಡುವೆ ಇನ್ನೆರಡು ಸಣ್ಣ ಪೆಟ್ಟಿಗೆಗಳನ್ನು ಕೆಳಮುಖವಾಗಿ ನಿಲ್ಲಿಸಿ, ಅವುಗಳ ಧ್ವನಿಯನ್ನು ಮಿಕ್ಸರ್‌ನಲ್ಲಿ ತಡವಾಗಿಸುವುದು ಲೇಸು. ವೇದಿಕೆಯ ಪೆಟ್ಟಿಗೆಗಳಿಂದ 30 ಮೀಟರ್ ದೂರದಲ್ಲಿದ್ದರೆ ಬೆಚ್ಚಗಿನ ರಾತ್ರಿಯಲ್ಲಿ ಸುಮಾರು 86 ಮಿಲಿಸೆಕೆಂಡ್ ತಡ ಕೊಡಬೇಕು. ಇಲ್ಲವಾದಲ್ಲಿ ಮಾತು ಎರಡೆರಡಾಗಿ ಕೇಳುತ್ತದೆ. ಮುಖ್ಯ ಔಟ್‌ಪುಟ್‌ನಲ್ಲಿ ಲಿಮಿಟರ್ ಹಾಕಿ ಸಂಜೆಯೇ ಎಲ್ಲೆಯಲ್ಲಿ ನಿಂತು ಮೀಟರ್‌ನಿಂದ ಅಳೆದು ನಿಲ್ಲಿಸಿದರೆ, ಯುದ್ಧದ ಸನ್ನಿವೇಶದಲ್ಲಿ ಎಷ್ಟೇ ಆರ್ಭಟಿಸಿದರೂ ಮಿತಿ ಮೀರದು.

ಕೂಗು, ಅಂದರೆ ಫೀಡ್‌ಬ್ಯಾಕ್, ಮಾತು ಅಸ್ಪಷ್ಟವಾಗುವುದಕ್ಕೆ ಮುಖ್ಯ ಕಾರಣ. ತೆರೆದ ಮೈಕುಗಳ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ ಕೂಗದಂತೆ ಏರಿಸಬಹುದಾದ ಧ್ವನಿ 3 ಡೆಸಿಬಲ್ ಕಡಿಮೆಯಾಗುತ್ತದೆ. ನಾಲ್ಕು ತೂಗು ಮೈಕುಗಳನ್ನು ಸದಾ ತೆರೆದಿಟ್ಟರೆ 6 ಡೆಸಿಬಲ್ ನಷ್ಟ. ಈಗಿನ ಅನೇಕ ಡಿಜಿಟಲ್ ಮಿಕ್ಸರ್‌ಗಳಲ್ಲಿ ಇರುವ ಆಟೊಮಿಕ್ಸ್ ಸೌಲಭ್ಯವು ಮಾತು ಬರುತ್ತಿರುವ ಮೈಕನ್ನು ತಾನಾಗಿ ಏರಿಸಿ ಉಳಿದವನ್ನು ಇಳಿಸುತ್ತದೆ. ತೂಗು ಮೈಕಿನ ನಾಟಕಕ್ಕೆ ಇದಕ್ಕಿಂತ ಉಪಯುಕ್ತ ಸೌಲಭ್ಯ ಬೇರೊಂದಿಲ್ಲ, ಆದರೂ ಇದನ್ನು ಬಳಸುವವರು ವಿರಳ. ಜೊತೆಗೆ ಈ ಮೈಕುಗಳಲ್ಲಿ ಸುಮಾರು 120 ಹರ್ಟ್ಜ್‌ಗಿಂತ ಕೆಳಗಿನ ಧ್ವನಿಯನ್ನು ಕತ್ತರಿಸಿದರೆ ಹಲಗೆಯ ವೇದಿಕೆಯ ಮೇಲಿನ ಕುಣಿತದ "ಧಡ್ ಧಡ್" ಶಬ್ದ ಪೆಟ್ಟಿಗೆಗಳಿಗೆ ಹೋಗದೆ ಗೆಜ್ಜೆಯ ನಾದ ಮಾತ್ರ ಉಳಿಯುತ್ತದೆ.

ಅರ್ಜಿ ಮತ್ತು ಬಾಡಿಗೆ ಒಪ್ಪಂದ

ಧ್ವನಿವರ್ಧಕ ಅನುಮತಿಯ ಅರ್ಜಿಯಲ್ಲಿ ಸ್ಥಳ, ದಿನಾಂಕ, ಪ್ರಾರಂಭ ಹಾಗೂ ಮುಕ್ತಾಯದ ಸಮಯವನ್ನು ಸ್ಪಷ್ಟವಾಗಿ ನಮೂದಿಸಿ, ಸ್ಥಳೀಯ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ ಸಾಕಷ್ಟು ಮುಂಚಿತವಾಗಿ ಸಲ್ಲಿಸುವುದು. ಬಾಡಿಗೆದಾರರೊಂದಿಗೆ ಬಾಯಿಮಾತಿನ ಬದಲು ಲಿಖಿತ ಒಪ್ಪಂದ ಮಾಡಿಕೊಂಡು, ಮಿಕ್ಸರ್ ಮತ್ತು ಸ್ಟೇಜ್ ಬಾಕ್ಸ್ ಮಾದರಿ, ಎರಡು ಯುಪಿಎಸ್, ಹೆಚ್ಚುವರಿ ಕೇಬಲ್, ತುರ್ತಿಗೆ ಸಾಮಾನ್ಯ ಅನಲಾಗ್ ಮಿಕ್ಸರ್ ಒಂದು, ಮಧ್ಯಾಹ್ನ 3 ಗಂಟೆಯೊಳಗೆ ಜೋಡಣೆ ಮುಗಿಸುವುದು ಮತ್ತು ಮುಕ್ತಾಯದವರೆಗೆ ತಂತ್ರಜ್ಞರ ಹಾಜರಾತಿ, ಇವುಗಳನ್ನು ಅದರಲ್ಲಿ ಸೇರಿಸತಕ್ಕದ್ದು. ಬಾಕಿ ಹಣವನ್ನು ಕಾರ್ಯಕ್ರಮ ಮುಗಿದ ನಂತರ ಪಾವತಿಸುವ ಷರತ್ತು ಇಬ್ಬರಿಗೂ ಅನುಕೂಲ.

ತಾಲೀಮು ಮುಗಿದ ಕೂಡಲೇ ಮಿಕ್ಸರ್‌ನ ಎಲ್ಲ ಹೊಂದಾಣಿಕೆಗಳನ್ನು ಯುಎಸ್‌ಬಿ ಪೆನ್‌ಡ್ರೈವ್‌ಗೆ ಉಳಿಸಿ, ಅದನ್ನು ಕಲಾತಂಡದವರೇ ಇಟ್ಟುಕೊಳ್ಳಬೇಕು. ಅದೇ ಮಾದರಿಯ ಮಿಕ್ಸರ್ ದೊರೆಯುವ ಮುಂದಿನ ಊರಿನಲ್ಲಿ ಅರ್ಧ ಕೆಲಸ ಅಲ್ಲಿಗೇ ಮುಗಿದಿರುತ್ತದೆ. ಪ್ರಾರಂಭದಲ್ಲಿ ಆಂಪ್ಲಿಫೈಯರನ್ನು ಕೊನೆಯಲ್ಲಿ ಹಚ್ಚುವುದು, ಮುಕ್ತಾಯದಲ್ಲಿ ಅದನ್ನೇ ಮೊದಲು ಆರಿಸುವುದು.